ಸೋತ ಸರ್ವರ್ ಮತ್ತು ವಾದಿರಾಜ ಸರ್

ಓಡುತ್ತಿರುವ ಕಂಪ್ಯೂಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಕೈಕಟ್ಟಿ ನಿಂತು ಅದರ ಮುಖ ನೋಡುವ ಮನುಷ್ಯ ಎಂದರೆ ವಾದಿರಾಜ ಸರ್ ಒಬ್ಬರೇ. ತುಮಕೂರಿನವರು. ಫರೀದಾಬಾದಿನ ನಮ್ಮ ಬೇರಿಂಗ್ ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ಮುಖ್ಯಸ್ಥರು. ಅವರ ಕೈಕೆಳಗೆ ಇದ್ದದ್ದು ನಾನೊಬ್ಬಳೇ.

"ಮೇಲ್ ಸರ್ವರ್ ಅಂದ್ರೆ ಪೋಸ್ಟಾಫೀಸು ಕಣಮ್ಮಾ. ಕರೆಂಟ್ ಹೋಯ್ತು ಅಂತ ಪೋಸ್ಟ್‌ಮ್ಯಾನ್ ಕಾಗದ ಬಿಸಾಕ್ತಾನಾ?" ಎನ್ನುವರು. ನಮ್ಮಲ್ಲಿ ಕರೆಂಟೇನೂ ಹೇಳಿ ಹೋಗುತ್ತಿರಲಿಲ್ಲ.

ಅವರ ನಿವೃತ್ತಿಯ ವರ್ಷ ಹೊಸ ಮೇಲ್ ಸರ್ವರ್ ಬೇಕಾಯಿತು. ಡೈರೆಕ್ಟರ್‌ಗೆ ವಿಂಡೋಸ್ ಮೇಲೆ ನಡೆಯುವಂಥದ್ದೇ ಇಷ್ಟ. ಸರ್‌ಗೆ ಲಿನಕ್ಸ್ ಎಂದರೆ ಪ್ರಾಣ. "ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಒಂದು ಕಾಗದ ಕಳೆದರೂ ಅದು ಔಟ್" ಎಂದು ಷರತ್ತು ಹಾಕಿದವರು ಅವರೇ.

ಎರಡಕ್ಕೂ ಐನೂರು ಪತ್ರ ಕಳಿಸಿ, ನಡುವೆ ಪ್ಲಗ್ ಕಿತ್ತೆವು. 'ಬಂತು' ಎಂದು ಸರ್ವರ್ ಉತ್ತರ ಕೊಟ್ಟಿದ್ದ ಪತ್ರಗಳನ್ನು ಆಮೇಲೆ ಎಣಿಸಿದರೆ, ಲಿನಕ್ಸಿನಲ್ಲಿ ಎರಡು ಕಾಣೆ. ತಪ್ಪು ಲಿನಕ್ಸಿನದಲ್ಲ. ಪತ್ರವನ್ನು ಡಿಸ್ಕಿಗೆ ಬರೆಯುವ ಮೊದಲೇ ಉತ್ತರ ಕೊಡುವ ಹಾಗೆ ಸರ್ ಅದನ್ನು ಹೊಂದಿಸಿದ್ದರು, ವೇಗದ ಆಸೆಗೆ. ರಿಜಿಸ್ಟರ್ ಕಾಗದ ಕೈಗೆ ಸಿಗುವ ಮೊದಲೇ ರುಜು ಹಾಕಿದ ಹಾಗೆ.

"ಸರಿಮಾಡಿ ಇನ್ನೊಂದ್ಸಲ ನಡೆಸೋಣ ಸರ್. ಯಾರಿಗೆ ಗೊತ್ತಾಗತ್ತೆ?" ಎಂದೆ.

"ನಿನಗೆ ಗೊತ್ತಾಯ್ತಲ್ಲ ರೇಷ್ಮಾ" ಎಂದರು. "ಇಪ್ಪತ್ತು ವರ್ಷ ಇದರಲ್ಲೇ ಕೂದಲು ಉದುರಿಸಿಕೊಂಡವನು ನಾನು, ನಾನೇ ಹೀಗೆ ಮಾಡ್ದೆ. ಸೋತದ್ದು ಸೋತದ್ದೇ."

ಮೀಟಿಂಗಿನಲ್ಲಿ ತಪ್ಪು ತಮ್ಮದೆಂದು ಹೇಳಿ, ವಿಂಡೋಸಿನದನ್ನೇ ಕೊಳ್ಳಿ ಎಂದು ಬರೆದುಕೊಟ್ಟರು. ನನಗೆ ಅಳು, ಸಿಟ್ಟು ಎರಡೂ ಬಂತು. ಮರುದಿನ ಬಂದು ನೋಡಿದರೆ, ನನಗಿಂತ ಮೊದಲೇ ಬಂದು ವಿಂಡೋಸ್ ಸರ್ವರಿನ ಪುಸ್ತಕ ಹಿಡಿದು ಕೂತಿದ್ದಾರೆ! "ಅಚ್ಛಾ, ಕೂತ್ಕೋ. ಇಬ್ರೂ ಒಂದನೇ ಕ್ಲಾಸು." ಉಳಿದದ್ದು ಮೂರೇ ತಿಂಗಳು. ಕಾರ್ಖಾನೆ ಬಿಟ್ಟು ಹೋಗುವವರು ಇಷ್ಟವಿಲ್ಲದ್ದನ್ನು ಅಆಇಈಯಿಂದ ಕಲಿತರು, ನನಗೆ ಕಲಿಸಬೇಕಿತ್ತಲ್ಲ. ದಿನಕ್ಕೊಂದು ಸಲ ನನ್ನ ಕೈಯಿಂದಲೇ ಪ್ಲಗ್ ಕೀಳಿಸಿ, ಪತ್ರ ಎಣಿಸಿದ ಮೇಲೆಯೇ ಚಹಾ.

ಕೊನೆಯ ದಿನ ಹಾರ ತೆಗೆದು ಮೇಜಿನ ಮೇಲಿಟ್ಟು, "ಏನಾದ್ರೂ ಆದ್ರೆ ಫೋನ್ ಮಾಡ್ಬೇಡ. ಮೊದಲು ನೀನೇ ಹುಡುಕು. ಚಲೋ" ಎಂದು ಹೊರಟರು. ನಾನೂ ಹಟಕ್ಕೆ ಬಿದ್ದು ಒಮ್ಮೆಯೂ ಮಾಡಲಿಲ್ಲ.

ಈ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಯಿತು, ಬ್ಯಾಟರಿಯೂ ಕೈಕೊಟ್ಟಿತು. ಎಲ್ಲವನ್ನೂ ನಾನೇ ಎಬ್ಬಿಸಿ, ಪತ್ರಗಳನ್ನು ತಾಳೆ ನೋಡಿದೆ. ಕರೆಂಟ್ ಹೋಗುವ ಕ್ಷಣದಲ್ಲಿ ಬಂದದ್ದೂ ಭದ್ರವಾಗಿತ್ತು. ಅದು ಸರ್ ಅವರ ಮಗಳದು; ಅಪ್ಪ ಬೆಳಿಗ್ಗೆ ಹೋಗಿಬಿಟ್ಟರು ಎಂದು ಹಳೆಯ ಆಫೀಸಿಗೆ ತಿಳಿಸಿದ್ದಳು.

ಅದೊಂದು ಪತ್ರ ಕಳೆದುಹೋಗಬಾರದಿತ್ತೇ ಎನಿಸಿತು.