ಸೊಂಟ ಒಪ್ಪಿದ ಫೋನು

ಗುಂಡ್ಲುಪೇಟೆಯ ಮೊಬೈಲ್ ಅಂಗಡಿಯ ನುಣುಪು ನೆಲದ ಮೇಲೆ ಫೋನು ಕೊಳ್ಳಲು ಬಂದಿದ್ದ ಹೆಂಗಸೊಬ್ಬರು ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳತೊಡಗಿದಾಗ ನಾನು ಕಕ್ಕಾಬಿಕ್ಕಿಯಾದೆ. ಕಿತ್ತಿದ್ದು ಬರೀ ಗಾಳಿ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದು ಅಂಗಡಿಯ ಹುಡುಗಿ ತೋರಿಸಿದ್ದ ತೆಳು ಫೋನು. ನಾನು ಕೊಳ್ಳಬೇಕೆಂದಿದ್ದೂ ಅದನ್ನೇ. "ಎಷ್ಟು ಹಗುರ ಅಂದ್ರೆ, ಇಟ್ಕೊಂಡಿರೋದೇ ಗೊತ್ತಾಗಲ್ಲ" ಎಂಬ ಹುಡುಗಿಯ ಮಾತಿಗೆ ನಾನು ಮರುಳಾಗಿದ್ದೆ.

ಆಕೆ ಹಾಗೇ ಸರಿಯುತ್ತ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಫೋನು ಮೆತ್ತಗೆ ನೆಲಕ್ಕೆ ಜಾರಿತು. ಆಕೆಗೆ ತಿಳಿಯಲೇ ಇಲ್ಲ. ಕಳೆ ಕೀಳುತ್ತಲೇ ಮುಂದೆ ಹೋದರು. ಹುಡುಗಿ ಓಡಿಬಂದು ಎತ್ತಿಕೊಂಡಾಗ ತಿರುಗಿ ನೋಡಿ ಗಹಗಹಿಸಿ ನಕ್ಕರು.

"ಇರಾದೇ ಗೊತ್ತಾಗ್ನಿಲ್ಲ ಅಂದ್ರೆ, ಈರುಳ್ಳಿ ಹೊಲದಲ್ಲಿ ಬಿದ್ದೋದ್ರೆ ಎಂಗ್ ಗೊತ್ತಾದದು ಕಣಮ್ಮಿ? ಆ ದಪ್ಪದ್ದನ್ನ ಕೊಡು, ಸೊಂಟಕ್ಕೆ ಒತ್ಕಂಡಿರ್ಲಿ!"

ದೊಡ್ಡ ಪರದೆ, ದೊಡ್ಡ ಬ್ಯಾಟರಿಯ ಆ ಫೋನು ಸೊಂಟ ಸೇರಿತು. ಆಕೆ ಮತ್ತೊಮ್ಮೆ ಅಂಗಡಿಯ ಆ ತುದಿಯವರೆಗೂ ಕಳೆ ಕಿತ್ತರು. ಫೋನು ಅಲುಗಲಿಲ್ಲ. ಅಂಗಡಿಯವರೆಲ್ಲ ಚಪ್ಪಾಳೆ ತಟ್ಟಿದರು.

ನಾನೂ ದಪ್ಪದ್ದನ್ನೇ ತಂದೆ. ಬಸ್ಸಿನಲ್ಲಿ ಅದರ ಭಾರಕ್ಕೆ ಹೆಗಲ ಚೀಲ ಜಗ್ಗಿದಾಗಲೆಲ್ಲ ನಗು ಬರುತ್ತದೆ: ಸದ್ಯ, ಬಿದ್ದಿಲ್ಲ!