ನಾರ್ವೆಯ ಅಪರೂಪದ ಹಕ್ಕಿ

ಹೊಸದಾಗಿ ಡಿಜಿಟಲ್ ಕ್ಯಾಮೆರಾ ಕೊಂಡವನ ಮನೆಗೆ ಯಾರೂ ಹೋಗಬಾರದು. 2005ರ ಸುಮಾರಿಗೆ ನಮ್ಮ ಮನೆಗೆ ಬಂದವರಿಗೆಲ್ಲ ನಾನು ಕಾಫಿಗೆ ಮೊದಲು ಖಾಲಿ ಕೊಂಬೆಗಳ ಚಿತ್ರ ತೋರಿಸುತ್ತಿದ್ದೆ. ಪ್ರತಿಯೊಂದರಲ್ಲೂ ಆಗಷ್ಟೇ ಒಂದು ಹಕ್ಕಿ ಹಾರಿಹೋಗಿರುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ, ನಮ್ಮ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಗೆಳೆಯರೊಬ್ಬರ ಹಿತ್ತಲಿನ ಪಪ್ಪಾಯಿ ಮರದ ಮೇಲೆ ಒಂದು ಹಕ್ಕಿ ಕೂತೇ ಇತ್ತು. ಅಲುಗಿದ್ದು ನನ್ನ ಕೈ. ಫೋಟೊದಲ್ಲಿ ಅದಕ್ಕೆ ಎರಡು ತಲೆ, ಮೂರು ಬಾಲ ಬಂದಿದ್ದವು. ಕಂದು ಮೈ, ಅದರ ತುಂಬ ಬಿಳಿ ಚುಕ್ಕೆ, ಒಂದು ಕೆಂಪು ಕಣ್ಣು, ಇಷ್ಟು ಮಾತ್ರ ಖಾತ್ರಿ. ಇಂಥ ಹಕ್ಕಿಯನ್ನು ನಾನು ಕಂಡಿರಲಿಲ್ಲ. ನಾನೇ ಕಂಡಿಲ್ಲವೆಂದ ಮೇಲೆ ಅದು ಅಪರೂಪದ್ದೇ ಆಗಿರಬೇಕಲ್ಲ?

ನಾನು ಕೊಪ್ಪದಲ್ಲಿ ಕಾಲೇಜಿನ ಕನ್ನಡ ಮೇಷ್ಟ್ರು. ನಮ್ಮ ಜೀವಶಾಸ್ತ್ರದ ನಾಗರಾಜ ಫೋಟೊವನ್ನು ತಿರುಗಿಸಿ ಮುರುಗಿಸಿ ನೋಡಿ, ‘ಗಿಡುಗದ ಮರಿ’ ಎಂದ. ಆತ ಸತ್ತ ಕಪ್ಪೆಗಳನ್ನು ಬಿಟ್ಟು ಬೇರೇನನ್ನೂ ಹತ್ತಿರದಿಂದ ನೋಡಿದವನಲ್ಲ. ಹಾಗಾಗಿ ಶೃಂಗೇರಿಯಲ್ಲಿ ಸಂಸ್ಕೃತ ವಿದ್ವಾಂಸನಾಗಿರುವ ನನ್ನ ಷಡ್ಡಕನ ಬಳಿಗೆ ಹೋದೆ.

‘ಕೆಂಪು ಕಣ್ಣಲ್ವನಾ? ಅನುಮಾನವೇ ಇಲ್ಲ ಮಾರಾಯ, ಚಕೋರ!’ ಎಂದ.

‘ಚಕೋರ ಬೆಳದಿಂಗಳು ಕುಡೀತದಲ್ಲ? ಇದು ಹಗಲು ಹನ್ನೊಂದಕ್ಕೆ ಪಪ್ಪಾಯಿ ತಿಂತಿತ್ತು.’

‘ಕಲಿಗಾಲ!’

ಮರುದಿನ ತರಗತಿಯಲ್ಲಿ ಫೋಟೊ ಎತ್ತಿ ಹಿಡಿದು, ಮಲೆನಾಡಿನಲ್ಲಿ ಈವರೆಗೆ ಯಾರ ಕಣ್ಣಿಗೂ ಬೀಳದ ಹಕ್ಕಿಯಿದು ಎಂದು ಸಾರಿದೆ. ಮುಂದಿನ ಬೆಂಚಿನಿಂದ ಸೀತೂರಿನ ಸುಜಾತ ಎದ್ದು ನಿಂತಳು. ಬಾಯಿ ಬಿಡುವುದೇ ಅಪರೂಪವಾಗಿದ್ದ ಹುಡುಗಿ.

‘ಸಾರ್, ಅದು ಹೆಣ್ಣು ಕೋಗಿಲೆ. ನಮ್ಮನೆ ಹತ್ರ ಬತ್ತದೆ.’

‘ಕೋಗಿಲೆ ಕಪ್ಪು ಕಣಮ್ಮ. ನಿಮ್ಮೂರಲ್ಲಿ ಅದಕ್ಕೆ ಸುಣ್ಣದ ಬೊಟ್ಟು ಇಡ್ತಾರಾ?’ ಎಂದೆ. ತರಗತಿ ಘೊಳ್ಳೆಂದಿತು. ಅವಳು ಕೂತಳು. ನನ್ನ ಹಾಸ್ಯಕ್ಕೆ ನಾನೇ ಒಂದು ದಿನವಿಡೀ ಸಂತೋಷಪಟ್ಟೆ.

ಆ ಸಂತೋಷ ಬಹಳ ಬಾಳಲಿಲ್ಲ. ನಾಗರಾಜ ಎಲ್ಲಿಂದಲೋ ಹಕ್ಕಿಗಳ ಪುಸ್ತಕವೊಂದನ್ನು ಎರವಲು ತಂದು, ನನ್ನ ಮುಂದೆ ಒಂದು ಪುಟ ತೆರೆದಿಟ್ಟ. ಗಂಡು ಕೋಗಿಲೆ ಕಪ್ಪು. ಹೆಣ್ಣು ಕಂದು, ಮೈತುಂಬ ಚುಕ್ಕೆ. ಕುಹೂ ಎಂದು ಹಾಡುವುದು ಗಂಡು. ಇಪ್ಪತ್ತೆರಡು ವರ್ಷ ನಾನು ವಸಂತದ ಪದ್ಯಗಳಿಗೆ ಕಣ್ಣು ಮುಚ್ಚಿ ವ್ಯಾಖ್ಯಾನ ಮಾಡಿದ್ದೆ. ಪ್ರಾರ್ಥನೆ ಹಾಡಿದ ಹುಡುಗಿಯರನ್ನೆಲ್ಲ ವೇದಿಕೆಯ ಮೇಲೆ ಕೋಗಿಲೆ ಎಂದು ಕರೆದಿದ್ದೆ. ಅಷ್ಟೂ ಜನರನ್ನು ಗಂಡಸರೆಂದು ಕರೆದಂತಾಯಿತು!

ತಪ್ಪೊಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಎರಡು ದಿನ ವ್ಯಾಕರಣ ಹೇಳಿ ತಪ್ಪಿಸಿಕೊಂಡೆ. ವ್ಯಾಕರಣದಲ್ಲಿ ಹಕ್ಕಿಗಳಿಲ್ಲ. ಮೂರನೆಯ ದಿನ ನೋಡಿದರೆ ಸುಜಾತ ಕೊನೆಯ ಬೆಂಚಿಗೆ ಹೋಗಿ ಕೂತಿದ್ದಳು. ತಲೆ ಬಗ್ಗಿಸಿಕೊಂಡು ನೋಟ್ಸು ಬರೆಯುತ್ತಿದ್ದಳು. ಅದು ಮಾತ್ರ ನನಗೆ ತಡೆಯಲಾಗಲಿಲ್ಲ.

‘ಸುಜಾತ, ನೀನು ಹೇಳಿದ್ದೇ ಸರಿ. ನಾನು ನಿನ್ನನ್ನ ನಗೆಪಾಟಲು ಮಾಡಿದ್ದು ತಪ್ಪು’ ಎಂದೆ. ‘ನಿಂಗೆ ಹೇಗೆ ಗೊತ್ತಾಯ್ತು?’

ಅವಳು ಎದ್ದಳು. ‘ಎರಡೂ ಒಟ್ಟಿಗೇ ಬತ್ತವೆ ಸಾರ್. ಕರೀದು ಸುಮ್ನೆ ಕೂಗ್ತಾ ಕೂರ್ತದೆ. ಚುಕ್ಕೇದು ಅಷ್ಟೊತ್ತಿಗೆ ಹಣ್ಣು ಖಾಲಿ ಮಾಡ್ತದೆ.’

ಈ ಸಲ ತರಗತಿ ನಕ್ಕಿದ್ದು ನನ್ನನ್ನು ನೋಡಿ. ಅವಳೂ ನಕ್ಕಳು. ಆಮೇಲೆ ಸ್ವಲ್ಪ ಅನುಮಾನಿಸುತ್ತ ಕೇಳಿದಳು: ‘ಸಾರ್, ಹಂಗಾದ್ರೆ ಪರೀಕ್ಷೇಲಿ ಕೋಗಿಲೆ ಬಣ್ಣ ಎಂತ ಅಂತ ಬರೀಬೇಕು?’

‘ಕಂಡ ಹಾಗೆ ಬರಿ’ ಎಂದೆ. ‘ನನ್ನ ನೋಟ್ಸು ನಂಬಿ ಬರೀ ಕಪ್ಪು ಅಂತ ಬರೆದವರಿಗೆ ಅರ್ಧ ಮಾರ್ಕು.’