ಬಲಗಡೆಯ ಎತ್ತು

ಒಂದೊಂದೇ ಎತ್ತು ಇರುವ ಇಬ್ಬರು ರೈತರು ಕೂಡಿ ಜೋಡಿ ಕಟ್ಟುವುದು ನಮ್ಮ ಕಡೆಯ ರೂಢಿ. ಜವಳಗೇರಾ ಹತ್ತಿರದ ನಮ್ಮೂರಲ್ಲಿ ನಾನೂ ನನ್ನ ಗೆಳೆಯನೂ ಒಂಬತ್ತು ವರ್ಷ ಹಾಗೇ ಇದ್ದೆವು. ನೊಗದ ಎಡಕ್ಕೆ ನನ್ನ ಎತ್ತು, ಬಲಕ್ಕೆ ಅವನದು. ಊರೆಲ್ಲ ಟ್ರ್ಯಾಕ್ಟರಿಗೆ ಜೋತುಬಿದ್ದ ಮೇಲೂ ನಾವು ಎತ್ತು ಮಾರಲಿಲ್ಲ. ಪಂದ್ಯದ ಹುಚ್ಚು, ಮತ್ತೇನಿಲ್ಲ. ಸಿಂಧನೂರಿನಿಂದ ಟೆಂಪೊ ತರಿಸಿ, ಎತ್ತು ಹತ್ತಿಸಿಕೊಂಡು ಊರೂರು ತಿರುಗಿದ್ದೇ ತಿರುಗಿದ್ದು. ದಾರಿಯಲ್ಲಿ ಅವನು ಹಾಡುತ್ತಿದ್ದ. ಕತ್ತೆಯ ಗಂಟಲು! ನಾನು ಬೈಯುತ್ತಿದ್ದೆ, ಅವನು ಇನ್ನೂ ಜೋರಾಗಿ ಹಾಡುತ್ತಿದ್ದ.

ಮೂರು ವರ್ಷದ ಹಿಂದೆ ಲಿಂಗಸುಗೂರಿನಲ್ಲಿ ಒಂದು ಸ್ಪರ್ಧೆ ಇಟ್ಟರು. ಎತ್ತಿನವರು ತಾವೇ ಜೋಳದ ಚೀಲ ಎತ್ತಬೇಕು, ಗಾಲಿ ತಿರುಗದಂತೆ ಕಟ್ಟಿದ ಬಂಡಿ ಎಳೆಸಬೇಕು, ಕೊನೆಗೆ ಕಲ್ಲು ಎಳೆಸಬೇಕು. ಮೂರೂ ಕೂಡಿಸಿ ಯಾರು ಮುಂದೋ ಅವರೇ ಗೆದ್ದ ಹಾಗೆ. ಚೀಲವನ್ನು ಅವನು ಒಂದೇ ಉಸಿರಿಗೆ ಹೆಗಲಿಗೇರಿಸಿದ. ಬಂಡಿಯಲ್ಲೂ ನಾವೇ ಮುಂದೆ. ಕಲ್ಲಿನ ಪಾಳಿ ಬಂದಾಗ ಹಗ್ಗ ಅವನ ಕೈಯಲ್ಲಿತ್ತು, ಬಾರಕೋಲು ನನ್ನ ಕೈಯಲ್ಲಿ. ಮುಟ್ಟಬೇಕಾದ ಗೆರೆಗೆ ಇನ್ನು ನಾಲ್ಕು ಮಾರು ಇದೆ ಎನ್ನುವಾಗ ಕಲ್ಲು ನಿಂತುಬಿಟ್ಟಿತು. ಜನ ಹೋ ಎಂದರು. ನನ್ನ ತಲೆ ಕೆಟ್ಟಿತು. ಹೊಡೆದೆ, ಹೊಡೆದೆ, ಹೊಡೆಯುತ್ತಲೇ ಇದ್ದೆ.

ಅವನು ಹಗ್ಗ ಬಿಟ್ಟು ಬಂದು ತನ್ನ ಎತ್ತನ್ನು ನೊಗದಿಂದ ಬಿಚ್ಚಿದ.

“ಹುಚ್ಚು ಹಿಡದೈತೇನಲೇ? ಗೆರಿ ಇಲ್ಲೇ ಐತಿ!” ಎಂದು ಚೀರಿದೆ.

“ನಿನ್ನ ಎತ್ತಿನ ಮೈಮ್ಯಾಲ ಒಂದರ ಬಾಸುಂಡಿ ಐತೇನು ನೋಡು. ಎಲ್ಲಾ ನನ್ನ ಎತ್ತಿಗೇ ಬಿದ್ದಾವ,” ಎಂದ, ಮೆಲ್ಲಗೆ.

ನೋಡಿದೆ. ನಿಜವೇ. ಬೇಕೆಂದು ಮಾಡಿದ್ದಲ್ಲ, ದೇವರಾಣೆ. ಕೈ ತಾನಾಗಿ ಬಲಕ್ಕೇ ಹೋಗಿತ್ತು, ನನ್ನದನ್ನು ಉಳಿಸಿಕೊಂಡಿತ್ತು. ತಪ್ಪಾಯಿತು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟು ಜನರ ಮುಂದೆ ನನಗೆ ಆ ಬಾಯಿ ಎಲ್ಲಿ ಬರಬೇಕು?

“ನಿನ್ನ ಎತ್ತು ಮೈಗಳ್ಳ, ಅದಕ್ಕ ಬಿದ್ದಾವ,” ಎಂದುಬಿಟ್ಟೆ.

ಅವನು ಎತ್ತು ಹಿಡಿದುಕೊಂಡು ನಡೆದ. ಅಂದಿನಿಂದ ಮಾತಿಲ್ಲ. ನಮ್ಮಿಬ್ಬರ ಹೊಲಕ್ಕೂ ಬದು ಒಂದೇ. ಅವನ ಮುಖ ಆ ಕಡೆ, ನನ್ನದು ಈ ಕಡೆ. “ಹೋಗಿ ಒಂದು ಮಾತಾಡಿದ್ರ ನಿಮ್ಮ ಗಂಟೇನು ಹೋಗತೈತ್ರೀ?” ಎಂದು ಹೆಂಡತಿ ಕೇಳಿದರೆ ಅವಳ ಮೇಲೂ ಹರಿಹಾಯುತ್ತೇನೆ. ಒಂಟಿ ಎತ್ತಿಗೆ ಪಂದ್ಯವೂ ಇಲ್ಲ, ಬೇಸಾಯವೂ ಇಲ್ಲ. ನೀರಿಗೆ ಬಿಟ್ಟರೆ ನನ್ನದು ಇವತ್ತಿಗೂ ತೊಟ್ಟಿಯ ಎಡಕ್ಕೇ ನಿಲ್ಲುತ್ತದೆ, ಬಲಕ್ಕೆ ಒಂದು ಎತ್ತಿನ ಜಾಗ ಬಿಟ್ಟು. ಅದನ್ನು ನೋಡಿದರೆ ನನಗೆ ಅಳು ಬರುತ್ತದೆ, ಸುಳ್ಳೇಕೆ ಹೇಳಲಿ.

ಈ ವರ್ಷ ಮಸ್ಕಿಯಲ್ಲಿ ಅದೇ ಮೂರು ಪಂದ್ಯ ಇಟ್ಟಿದ್ದರು. ಹಟ್ಟಿ ಗಣಿಯಲ್ಲಿ ಪಾಳಿ ದುಡಿಯುವ ಒಬ್ಬನ ಎತ್ತಿನ ಜೊತೆ ಅವನು ಜೋಡಿ ಕಟ್ಟಿದ್ದಾನೆಂದು ಸುದ್ದಿ ಬಂತು. ಹೊಟ್ಟೆ ಉರಿಯಿತು. ಆದರೂ ಬಸ್ಸು ಹತ್ತಿದೆ. ಇವತ್ತು ತಪ್ಪೊಪ್ಪಿಕೊಂಡೇ ಬರಬೇಕು, ಎತ್ತನ್ನು ಮತ್ತೆ ಜೋಡಿ ಕಟ್ಟು ಎಂದು ಕೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೆ.

ಚೀಲ ಈ ಸಲ ಒಂದೇ ಉಸಿರಿಗೆ ಅವನ ಹೆಗಲೇರಲಿಲ್ಲ. ಆದರೂ ಎತ್ತಿದ. ಬಂಡಿಯೂ ಚೆನ್ನಾಗಿಯೇ ಹೋಯಿತು. ಕಲ್ಲು ಮಾತ್ರ ಗೆರೆಯ ಹತ್ತಿರ ಬಂದು ನಿಂತಿತು. “ಹೊಡಿ! ಹೊಡಿ!” ಎಂದು ಜನ ಅರಚಿದರು. ಈ ಸಲ ಬಾರಕೋಲು ಅವನ ಕೈಯಲ್ಲೇ ಇತ್ತು. ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಲಗಡೆಯ ಎತ್ತಿನ ಬೆನ್ನು ಸವರುತ್ತಾ ನಿಂತ. ಸೀಟಿ ಊದಿದರು. ಸೋತ.

ಹೊರಗೆ ಬರುವ ದಾರಿಯಲ್ಲೇ ನಾನು ನಿಂತಿದ್ದೆ. “ಲೇ...” ಎಂದೆ. ಹೊಂದಿಸಿಕೊಂಡಿದ್ದ ಮಾತು ಶುರು ಮಾಡುವಷ್ಟರಲ್ಲಿ ಅವನ ಎತ್ತು ನನ್ನನ್ನು ಕಂಡದ್ದೇ ಬುಸ್ಸೆಂದು ಬೆದರಿ ಅವನ ಹಿಂದಕ್ಕೆ ಸರಿಯಿತು. ಒಂಬತ್ತು ವರ್ಷ ನನ್ನ ಕೈಯಿಂದ ಶೇಂಗಾ ಹಿಂಡಿ ತಿಂದ ಎತ್ತು ಅದು.

ಅವನು ಅದರ ಕೊರಳು ತಡವಿದ. “ಅಂಜಬ್ಯಾಡ ಮಗನ, ಅವನ ಕೈಯಾಗ ಏನೂ ಇಲ್ಲ,” ಎಂದ.

ಮೂರು ವರ್ಷದಲ್ಲಿ ನನ್ನ ಬಗ್ಗೆ ಅವನ ಬಾಯಿಂದ ನಾನು ಕೇಳಿದ ಮಾತು ಅದೊಂದೇ, ಅದೂ ಎತ್ತಿಗೆ ಹೇಳಿದ್ದು. ಎರಡೂ ಅಂಗೈ ಬಿಚ್ಚಿ ಮುಂದೆ ಹಿಡಿದೆ. “ತಪ್ಪಾತಪಾ,” ಎಂದೆ, ನಾನೂ ಎತ್ತಿಗೇ.

ಅವನು ತುಸು ಹೊತ್ತು ಕಾದ. ಎತ್ತು ನನ್ನ ಹತ್ತಿರ ಬರಲಿಲ್ಲ. ಆಮೇಲೆ ಹಗ್ಗ ಹಿಡಿದುಕೊಂಡು ಟೆಂಪೊ ಕಡೆಗೆ ಹೋದ.